ಕೈಗೆ 520, ಡಬ್ಬಿಗೆ 445: ನಾಲ್ಕು ಲೇಸರ್ ಕಟ್ಟಿ ನೋಡಿದ ಹೋಲಿಕೆ

ಲೇಸರ್ ಕಟ್ಟುವ ಆಸೆ ಹತ್ತಿದವರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರಸ್ತೆಗೆ ಬಂದ ಕೂಡಲೇ ಕೇಳುವುದು ಒಂದೇ ಮಾತು: ‘ಎಷ್ಟು ವ್ಯಾಟ್ ಸಿಗುತ್ತೆ?’ ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲು ಬಣ್ಣ ಯಾವುದು ಅಂತ ಕೇಳಬೇಕು. ಆಮೇಲೆ, ಆ ಬಣ್ಣಕ್ಕೆ ಹೊಂದುವ ಕನ್ನಡಕ ಇದೆಯಾ ಅಂತ.

532 ನ್ಯಾನೊಮೀಟರಿನ ಹಳೇ ಬಗೆಯ ಹಸಿರು, 520ರ ಹೊಸ ಬಗೆಯ ಹಸಿರು, 445ರ ನೀಲಿ, 405ರ ನೇರಳೆ. ಈ ಅಂಕಿಗಳು ಬೆಳಕಿನ ತರಂಗಾಂತರ, ಬಣ್ಣ ಯಾವುದು ಅಂತ ಹೇಳುವುದು ಅದೇ. ಈ ನಾಲ್ಕನ್ನೂ ಕಟ್ಟಿ ಒಂದೇ ಮೇಜಿನ ಮೇಲೆ ಇಟ್ಟು ನೋಡಿದ್ದೇನೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಹಿಡಿಯಲು 520 ಸಾಕು, ಅದೇ ಒಳ್ಳೆಯದು. ಒಂದು ವ್ಯಾಟ್ ಮೀರಿದ ನೀಲಿ ಬೇಕೇ ಬೇಕು ಅಂದರೆ ಅದು ಮುಚ್ಚಿದ ಡಬ್ಬಿಯೊಳಗೆ ಇರಲಿ.

ಯಾಕೆ ಅಂತ ಹೇಳಲು ಸ್ವಲ್ಪ ಅಂಕಿ ಬೇಕು. ಲೇಸರ್‌ಗಳನ್ನು ವರ್ಗ ಮಾಡುವ ಅಂತರರಾಷ್ಟ್ರೀಯ ಮಾನಕ ಐಇಸಿ 60825-1. ಅದರ ಪ್ರಕಾರ ಕಣ್ಣಿಗೆ ಕಾಣುವ ಬೆಳಕಿನಲ್ಲಿ 1 ಮಿಲಿವ್ಯಾಟ್ ತನಕ ಕ್ಲಾಸ್ 2. ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಹಾನಿ ಆಗುವುದಿಲ್ಲ ಅನ್ನುವ ಲೆಕ್ಕ ಅದು. 5 ಮಿಲಿವ್ಯಾಟ್ ತನಕ 3ಆರ್, 500ರ ತನಕ 3ಬಿ, ಅದರ ಮೇಲೆ ಕ್ಲಾಸ್ 4. ಕ್ಲಾಸ್ ಏರಿದಷ್ಟೂ ಅಪಾಯ ಹೆಚ್ಚು. ಕಿರಣ ಒಂದು ಮಿಲಿರೇಡಿಯನ್, ಅಂದರೆ ಪ್ರತಿ ಮೀಟರಿಗೆ ಒಂದು ಮಿಲಿಮೀಟರ್, ಹರಡುತ್ತದೆ ಅಂದುಕೊಳ್ಳಿ. ಆಗ 5 ಮಿಲಿವ್ಯಾಟ್ ಲೇಸರ್ ಕಣ್ಣಿಗೆ ಅಪಾಯ ಒಡ್ಡುವುದು ಸುಮಾರು 16 ಮೀಟರ್ ತನಕ. 1 ವ್ಯಾಟ್ ಆದರೆ 220 ಮೀಟರ್ ದಾಟುತ್ತದೆ. ನಮ್ಮ ತಾರಸಿಯಿಂದ ನೋಡಿದರೆ 16 ಮೀಟರ್ ಅಂದರೆ ಎದುರು ಮನೆ. 220 ಮೀಟರ್ ಅಂದರೆ ಮೂರ್ನಾಲ್ಕು ಬೀದಿ ಆಚೆ ಬಟ್ಟೆ ಒಣಹಾಕುತ್ತಿರುವ ಯಾರೋ. ಅವರಿಗೆ ನಮ್ಮ ಹವ್ಯಾಸದ ಸುದ್ದಿಯೂ ಗೊತ್ತಿಲ್ಲ, ಕಣ್ಣಿಗೆ ಕನ್ನಡಕವೂ ಇಲ್ಲ.

ಈಗ 532. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದೇ, ನನಗೆ ಎಲ್ಲಕ್ಕಿಂತ ಕಡಿಮೆ ನಂಬಿಕೆ ಇರುವುದೂ ಇದರ ಮೇಲೇ. ಇದರೊಳಗೆ ಹಸಿರು ಬೆಳಕು ಕೊಡುವ ಡಯೋಡ್ ಇಲ್ಲವೇ ಇಲ್ಲ. 808 ನ್ಯಾನೊಮೀಟರಿನ ಇನ್‌ಫ್ರಾರೆಡ್ ಡಯೋಡ್ ಒಂದು ಹರಳಿಗೆ ಬೆಳಕು ಕೊಡುತ್ತದೆ. ಆ ಹರಳು ಅದನ್ನು 1064 ಮಾಡುತ್ತದೆ. ಕೆಟಿಪಿ ಅನ್ನುವ ಇನ್ನೊಂದು ಹರಳು 1064ನ್ನು ಅರ್ಧ ಮಾಡಿ 532ರ ಹಸಿರು ಕೊಡುತ್ತದೆ. ಉಳಿದ ಇನ್‌ಫ್ರಾರೆಡ್ ಹೊರಗೆ ಬರದಂತೆ ತುದಿಯಲ್ಲಿ ಒಂದು ಸಣ್ಣ ಫಿಲ್ಟರ್ ಇರಬೇಕು. ಅಗ್ಗದವುಗಳಲ್ಲಿ ದುಡ್ಡು ಉಳಿಸಲು ಮೊದಲು ಬಿಡುವುದೇ ಅದನ್ನು. ಅಮೆರಿಕದ ಮಾನಕ ಮತ್ತು ಅಳತೆಗಳ ಸಂಸ್ಥೆ ಎನ್‌ಐಎಸ್‌ಟಿಯ ವಿಜ್ಞಾನಿಗಳು 2010ರಲ್ಲಿ ಇಂಥ ಒಂದು ಅಗ್ಗದ ಪಾಯಿಂಟರ್ ಪರೀಕ್ಷಿಸಿದರು. ಮೇಲೆ ಬರೆದಿದ್ದದ್ದು 10 ಮಿಲಿವ್ಯಾಟ್. ಹಸಿರು ಮಂಕಾಗಿತ್ತು, ಆದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಸುಮಾರು 20 ಮಿಲಿವ್ಯಾಟ್ ಬರುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ, ಅಲ್ವಾ?

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಹಳೇ ಸಿಡಿ ಬೇಕು, ಇನ್‌ಫ್ರಾರೆಡ್ ಕಾಣುವ ಫೋನ್ ಕ್ಯಾಮೆರಾ ಬೇಕು. ಟಿವಿ ರಿಮೋಟನ್ನು ಕ್ಯಾಮೆರಾ ಮುಂದೆ ಒತ್ತಿ ನೋಡಿ. ಬಲ್ಬ್ ಹೊಳೆದರೆ ಆ ಕ್ಯಾಮೆರಾ ನಡೆಯುತ್ತದೆ. ಕಡಿಮೆ ಪವರಿನ ಪಾಯಿಂಟರನ್ನು ಬಿಗಿಯಾಗಿ ಕಟ್ಟಿ, ತಕ್ಕ ಕನ್ನಡಕ ಹಾಕಿಕೊಂಡು, ಕಿರಣ ಸಿಡಿಯ ಮೇಲೆ ನೇರವಾಗಿ ಬೀಳುವಂತೆ ಇಡಿ. ಸಿಡಿಯಿಂದ ಚದುರಿದ ಬೆಳಕು ಒಂದು ಬಿಳಿ ಹಾಳೆಯ ಮೇಲೆ ಬೀಳಲಿ. ಸಿಡಿಯ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಹಾಗಾಗಿ ಹಸಿರಿನ ಮೊದಲ ಚುಕ್ಕೆ ಸುಮಾರು 19 ಡಿಗ್ರಿಯಲ್ಲಿ, ಎರಡನೆಯದು ಸುಮಾರು 42ರಲ್ಲಿ ಬೀಳುತ್ತದೆ. 1064ರ ಚುಕ್ಕೆಯೂ ಅದೇ 42ರಲ್ಲೇ ಬೀಳುವುದರಿಂದ ಹಸಿರಿನೊಳಗೆ ಅಡಗಿಬಿಡುತ್ತದೆ. ಆದರೆ 808 ಸುಮಾರು 30 ಡಿಗ್ರಿಯಲ್ಲಿ, ಎರಡು ಹಸಿರಿನ ನಡುವೆ ಒಂಟಿಯಾಗಿ ಬೀಳುತ್ತದೆ. ಬರಿಗಣ್ಣಿಗೆ ಅಲ್ಲಿ ಖಾಲಿ ಹಾಳೆ. ಫೋನಿನ ಪರದೆಯಲ್ಲಿ ಮಾತ್ರ ತಿಳಿ ನೇರಳೆ ಬಣ್ಣದ ಒಂದು ಚುಕ್ಕೆ. ನನ್ನ 532ರಲ್ಲಿ ಅದು ಸ್ಪಷ್ಟವಾಗಿ ಕಂಡಿತು.

ಚಳಿಯ ಸಮಸ್ಯೆ ಬೇರೆ. 808ರ ಡಯೋಡಿನ ತರಂಗಾಂತರ ಪ್ರತಿ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಡಿಸೆಂಬರಿನ ಬೆಂಗಳೂರು ಬೆಳಗಿನಲ್ಲಿ ಅದು ಹರಳಿಗೆ ಬೇಕಾದ ಜಾಗದಿಂದ ಜಾರುತ್ತದೆ. ಹಸಿರು ಮಂಕಾಗುತ್ತದೆ. ‘ಓ, ಪವರ್ ಕಡಿಮೆ ಆಯ್ತು’ ಅಂತ ಅನ್ನಿಸುತ್ತದೆ. ಆದರೆ ಹರಳು ಹೀರದೆ ಬಿಟ್ಟ 808 ಒಳಗೇ ಇರುತ್ತದೆ, ಫಿಲ್ಟರ್ ಇಲ್ಲದಿದ್ದರೆ ಹೊರಗೆ ಬರುತ್ತದೆ. ಮಂಕಾಗಿ ಕಂಡಾಗಲೇ ಹೆಚ್ಚು ಎಚ್ಚರ ಬೇಕಾದ ಲೇಸರ್ ಇದು. ಈ ಕಾರಣಕ್ಕೇ ನಾನು 532ನ್ನು ಹವ್ಯಾಸಿಗಳಿಗೆ ಹೇಳುವುದಿಲ್ಲ.

520ರಲ್ಲಿ ಈ ಗೋಜು ಇಲ್ಲ. ಡಯೋಡೇ ನೇರವಾಗಿ ಹಸಿರು ಕೊಡುತ್ತದೆ. ಹರಳಿಲ್ಲ, 808 ಇಲ್ಲ, 1064 ಇಲ್ಲ. ಕಾಣುವುದೇ ಎಲ್ಲವೂ. ಚಳಿಗೂ ಅಷ್ಟಾಗಿ ಜಗ್ಗುವುದಿಲ್ಲ. ಕಿರಣ 532ರಷ್ಟು ನೀಟಾಗಿ ದುಂಡಗಿಲ್ಲ, ದೂರದ ಗೋಡೆಯ ಮೇಲೆ ಸ್ವಲ್ಪ ಉದ್ದನೆಯ ಚುಕ್ಕೆ ಬೀಳುತ್ತದೆ. ನನಗೆ ಅದು ದೊಡ್ಡ ಕೊರತೆ ಅನ್ನಿಸಲಿಲ್ಲ.

445ರ ಜೊತೆ ಇಟ್ಟಾಗಲೇ 520ರ ಬೆಲೆ ಗೊತ್ತಾಗುವುದು. ಬೆಳಕಿರುವ ಕೋಣೆಯಲ್ಲಿ ನಮ್ಮ ಕಣ್ಣು 555 ನ್ಯಾನೊಮೀಟರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅದನ್ನು 1 ಅಂತ ಇಟ್ಟುಕೊಂಡರೆ 520ಕ್ಕೆ 0.71, 445ಕ್ಕೆ ಬರೀ 0.03. ಅಂದರೆ 50 ಮಿಲಿವ್ಯಾಟಿನ ಹಸಿರು ಚುಕ್ಕೆಯೂ 1.2 ವ್ಯಾಟಿನ ನೀಲಿ ಚುಕ್ಕೆಯೂ ನೋಡಲು ಹೆಚ್ಚುಕಮ್ಮಿ ಒಂದೇ ಹೊಳಪು. ಪವರ್ 24 ಪಟ್ಟು ಜಾಸ್ತಿ, ಕಣ್ಣಿಗೆ ಕಾಣುವ ಲಾಭ ಸೊನ್ನೆ. ಹೊಳೆಯುವ ಕಿರಣ ಬೇಕು ಅನ್ನುವವರಿಗೆ ಇಷ್ಟು ಸಾಕು ಅನ್ನಿಸುತ್ತದೆ. ಅಂದ ಹಾಗೆ 50 ಮಿಲಿವ್ಯಾಟ್ ಕೂಡ ಕ್ಲಾಸ್ 3ಬಿ. ನನ್ನ 520ರ ಡ್ರೈವರಿಗೆ, ಅಂದರೆ ಡಯೋಡಿಗೆ ಕರೆಂಟ್ ಕೊಡುವ ಸರ್ಕ್ಯೂಟಿಗೆ, ಎರಡು ಹಂತ ಇಟ್ಟಿದ್ದೇನೆ: ಕನ್ನಡಕ ಹಾಕಿಕೊಂಡು ಮೇಜಿನ ಮೇಲೆ ಬಳಸಲು 50, ಕೈಯಲ್ಲಿ ಹಿಡಿದು ಓಡಾಡಲು 5ರ ಒಳಗೆ.

ಹಾಗಂತ 445 ಬೇಡದ್ದಲ್ಲ. 1.6 ವ್ಯಾಟಿನ ನೀಲಿ ಕಿರಣ ಮರ ಸುಡುತ್ತದೆ, ಕಪ್ಪು ಕಾಗದ ಕತ್ತರಿಸುತ್ತದೆ. ಆ ಕೆಲಸಕ್ಕೆ ಈ ನಾಲ್ಕರಲ್ಲಿ ಬೇರೆ ಯಾವುದೂ ಅದರ ಹತ್ತಿರಕ್ಕೆ ಬರುವುದಿಲ್ಲ. ತೊಂದರೆ ಇರುವುದು ಪ್ರತಿಫಲನದಲ್ಲಿ. ಕಿಟಕಿಯ ಸಾದಾ ಗಾಜು ಒಂದೊಂದು ಮೈಯಿಂದ ಸುಮಾರು ಶೇ 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. 1.6 ವ್ಯಾಟಿನಲ್ಲಿ ಶೇ 4 ಅಂದರೆ 64 ಮಿಲಿವ್ಯಾಟ್. ಗಾಜಿನಿಂದ ಚಿಮ್ಮಿದ ಆ ತುಣುಕೇ ಒಂದು ಕ್ಲಾಸ್ 3ಬಿ ಲೇಸರ್! ನಮ್ಮ ಮನೆಗಳಲ್ಲಿ ಗಾಜು, ಟೈಲ್ಸ್, ಸ್ಟೀಲ್ ಪಾತ್ರೆ ಎಷ್ಟಿರುತ್ತವೆ ಯೋಚಿಸಿ. ಕೈ ಒಂದು ಸಲ ಅಲುಗಿದರೆ ಆ ಚಿಮ್ಮು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಹಾಗಾಗಿ ನನ್ನ 445 ಅಲ್ಯೂಮಿನಿಯಂ ಡಬ್ಬಿಯೊಳಗೆ ಇದೆ. ಮುಚ್ಚಳ ಎತ್ತಿದರೆ ಮೈಕ್ರೋಸ್ವಿಚ್ ಕರೆಂಟ್ ಕಡಿಯುತ್ತದೆ. ಒಳಗೆ ಏನಾಗುತ್ತಿದೆ ಅಂತ ನೋಡಲು ಕಿಟಕಿ ಇಟ್ಟಿಲ್ಲ, ಸಣ್ಣ ಕ್ಯಾಮೆರಾ ಇದೆ. ಹೊಗೆ ಹೊರಹೋಗಲು ಫ್ಯಾನ್ ಇದೆ. ಪಿವಿಸಿ, ರೆಕ್ಸಿನ್ ಮಾತ್ರ ಒಳಗೆ ಇಡಬೇಡಿ. ಸುಟ್ಟರೆ ಬರುವ ಆಮ್ಲದ ಹೊಗೆ ಶ್ವಾಸಕೋಶಕ್ಕೂ ಕೆಟ್ಟದ್ದು, ಲೆನ್ಸಿಗೂ ಕೆಟ್ಟದ್ದು.

405ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಣ್ಣಿಗೆ ಅದು ಕಾಣುವುದೇ ಕಷ್ಟ, ಅದಕ್ಕೇ ಅದರ ನಿಜವಾದ ಜೋರು ಗೊತ್ತಾಗುವುದಿಲ್ಲ. ಆದರೆ ಮಕ್ಕಳಿಗೆ ತೋರಿಸಲು ಇದರಲ್ಲಿ ಒಂದು ಸೊಗಸಿದೆ, 1 ಮಿಲಿವ್ಯಾಟಿನೊಳಗೇ ಸಾಕು. ಸ್ಪಿರಿಟ್‌ನಲ್ಲಿ ಚಿಟಿಕೆ ಅರಿಶಿನ ಕಲಸಿ ಸಣ್ಣ ಶೀಶೆಗೆ ಹಾಕಿ. ಕಿರಣ ಒಳಗೆ ಹೋದ ದಾರಿಯೆಲ್ಲ ಹಳದಿ ಮಿಶ್ರಿತ ಹಸಿರಾಗಿ ಉರಿಯುತ್ತದೆ. ಪಾಲಕ್ ಸೊಪ್ಪನ್ನು ಅರೆದು ಅದೇ ರೀತಿ ಸ್ಪಿರಿಟ್‌ನಲ್ಲಿ ಸೋಸಿಟ್ಟರೆ, ಹಸಿರು ನೀರಿನೊಳಗೆ ಕಿರಣ ಕಡು ಕೆಂಪಾಗಿ ಕಾಣುತ್ತದೆ. ಸ್ಪಿರಿಟ್ ಬೆಂಕಿಗೆ ಹತ್ತಿಕೊಳ್ಳುವಂಥದ್ದು, ಆದ್ದರಿಂದ ದೊಡ್ಡ ನೀಲಿಯನ್ನು ಇದರ ಹತ್ತಿರ ತರಬಾರದು.

ಇನ್ನು ಕನ್ನಡಕ. ನನ್ನ ಪ್ರಕಾರ ಇಡೀ ಹವ್ಯಾಸದಲ್ಲಿ ದುಡ್ಡು ಸುರಿಯಬೇಕಾದ ಜಾಗ ಇದೇ. ಮೂರು ಬಗೆ ಹೋಲಿಸಿದೆ. ಲೇಸರ್ ಮಾಡ್ಯೂಲಿನ ಜೊತೆ ಪುಕ್ಕಟೆ ಬಂದ ಹಸಿರು ಪ್ಲಾಸ್ಟಿಕ್ ಒಂದು. 445ಕ್ಕೆ ಅಂತ ‘ಓಡಿ’ (OD) ಅಂಕಿ ಬರೆದಿದ್ದ ಕಿತ್ತಳೆ ಬಣ್ಣದ್ದು ಎರಡನೆಯದು. ಲೇಸರ್ ಕನ್ನಡಕಗಳ ಯುರೋಪಿನ ಮಾನಕ ಈಎನ್ 207ರ ಗುರುತು, ತರಂಗಾಂತರದ ಪಟ್ಟಿ ಎರಡೂ ಗಾಜಿನ ಮೇಲೇ ಅಚ್ಚಾಗಿದ್ದದ್ದು ಮೂರನೆಯದು. ಓಡಿ ಅಂದರೆ ಎಷ್ಟು ಬೆಳಕು ತಡೆಯುತ್ತದೆ ಅನ್ನುವ ಅಳತೆ. ಓಡಿ 2 ನೂರರಲ್ಲಿ ಒಂದು ಪಾಲು ಬಿಡುತ್ತದೆ, ಓಡಿ 4 ಹತ್ತು ಸಾವಿರದಲ್ಲಿ ಒಂದು. 1.6 ವ್ಯಾಟಿನ ಕಿರಣ ಓಡಿ 2ನ್ನು ದಾಟಿದರೆ 16 ಮಿಲಿವ್ಯಾಟ್ ಉಳಿಯುತ್ತದೆ, ಕಣ್ಣು ಹೋಗಲು ಅಷ್ಟು ಸಾಕು. ಓಡಿ 4 ದಾಟಿದರೆ 0.16.

ಕನ್ನಡಕವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಡಿಮೆ ಪವರಿನ ಕಿರಣ ಹಾಯಿಸಿ, ಆಚೆ ಪವರ್ ಮೀಟರ್ ಇಟ್ಟು ನೋಡಿದೆ. ಮುಖಕ್ಕೆ ಹಾಕಿಕೊಂಡು ಪರೀಕ್ಷೆ ಮಾಡುವ ಮಾತೇ ಬೇಡ. ಪುಕ್ಕಟೆ ಪ್ಲಾಸ್ಟಿಕ್ಕಿನಲ್ಲಿ ನೀಲಿ ಆರಾಮಾಗಿ ಆಚೆ ಬಂತು. ಉಳಿದೆರಡರಲ್ಲಿ ಮೀಟರ್ ಅಲ್ಲಾಡಲಿಲ್ಲ. ಹಾಗಾದರೆ ಕಿತ್ತಳೆ ಎಲ್ಲದಕ್ಕೂ ಆಗುತ್ತಾ? ಅದನ್ನು ಫೋನ್ ಕ್ಯಾಮೆರಾ ಮುಂದೆ ಹಿಡಿದು ಟಿವಿ ರಿಮೋಟ್ ಒತ್ತಿದೆ. ಗಾಜೇ ಇಲ್ಲವೇನೋ ಅನ್ನುವಷ್ಟು ಚೆನ್ನಾಗಿ ಬಲ್ಬ್ ಹೊಳೆಯಿತು. ನೀಲಿ ತಡೆಯುವ ಈ ಕನ್ನಡಕ ಇನ್‌ಫ್ರಾರೆಡನ್ನು ಹಾಗೇ ಬಿಡುತ್ತದೆ. 532ಕ್ಕೆ ಬೇಕಾದ್ದು 532, 808, 1064 ಮೂರನ್ನೂ ತಡೆಯುವಂಥದ್ದು, ಅದರ ಬೆಲೆ ಆ ಪಾಯಿಂಟರಿನ ಎಷ್ಟೋ ಪಟ್ಟು. 532 ಬೇಡ ಅನ್ನಲು ಇದು ಇನ್ನೊಂದು ಕಾರಣ.

ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ ಪಾಯಿಂಟರ್ ನೋಡುತ್ತಿದ್ದಾಗ ಹುಡುಗ ಹೇಳಿದ: ‘ಐದು ಮಿಲಿವ್ಯಾಟ್ ಅಂತ ಬರ್ದಿದೆ ಸಾರ್, ಆದ್ರೆ ಜಾಸ್ತೀನೇ ಬರತ್ತೆ, ತಗೊಳ್ಳಿ.’ ಅವನಿಗೆ ಅದು ಒಳ್ಳೇ ಗುಣ. ಅವನು ಹೇಳಿದ್ದು ಬಹುಶಃ ನಿಜವೇ. ಎನ್‌ಐಎಸ್‌ಟಿ 2013ರಲ್ಲಿ 122 ಪಾಯಿಂಟರ್‌ಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಹಸಿರಿನವುಗಳಲ್ಲಿ ಸುಮಾರು ಶೇ 90, ಕೆಂಪಿನವುಗಳಲ್ಲಿ ಶೇ 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ. ಚೀಟಿಯ ಮೇಲಿನ ಅಂಕಿ ನಂಬಿ ಕನ್ನಡಕ ಆರಿಸಬೇಡಿ. ಅಳೆದು ಆರಿಸಿ.

ಡ್ರೈವರ್‌ಗಳಲ್ಲಿ ಎಲ್‌ಎಂ317 ಅನ್ನುವ ರೆಗ್ಯುಲೇಟರ್ ಚಿಪ್ ಎಲ್ಲರಿಗೂ ಗೊತ್ತು, ಅಗ್ಗ. ಕೆಂಪು ಡಯೋಡಿಗೆ ಅದು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಕೆಂಪಿಗೆ ಎರಡು ವೋಲ್ಟ್ ಚಿಲ್ಲರೆ ಸಾಕು. ನೀಲಿಗೆ ಸುಮಾರು ನಾಲ್ಕೂವರೆ ಬೇಕು, ಎಲ್‌ಎಂ317 ತಾನೇ ಮೂರು ವೋಲ್ಟ್ ನುಂಗುತ್ತದೆ. ಎರಡು 18650 ಲಿಥಿಯಂ ಸೆಲ್ ಹಾಕಿದರೂ ಅರ್ಧ ಖಾಲಿಯಾಗುವಷ್ಟರಲ್ಲಿ ಕರೆಂಟ್ ಕುಸಿಯುತ್ತದೆ. ಎರಡು ಸೆಲ್ಲಿಗೆ ವೋಲ್ಟೇಜ್ ಇಳಿಸುವ ಬಕ್ ಡ್ರೈವರ್, ಒಂದು ಸೆಲ್ಲಿಗೆ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಸರಿ. ಯಾವುದೇ ಆಗಲಿ, ಮೊದಲು ಲೇಸರ್ ಡಯೋಡಿನ ಬದಲಿಗೆ ಡಮ್ಮಿ ಲೋಡಿಗೆ ಜೋಡಿಸಿ: ಸಾಲಾಗಿ ಕೆಲವು 1ಎನ್5408 ಡಯೋಡ್, ಜೊತೆಗೆ 1 ಓಮ್ ರೆಸಿಸ್ಟರ್. ರೆಸಿಸ್ಟರ್ ಮೇಲೆ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಅಷ್ಟೇ ಮಿಲಿಆಂಪಿಯರ್. ಕರೆಂಟ್ ಕೂರಿಸಿ, ಡ್ರೈವರಿನ ಕೆಪಾಸಿಟರ್ ಪೂರ್ತಿ ಖಾಲಿ ಮಾಡಿ, ಆಮೇಲೆ ಲೇಸರ್ ಡಯೋಡ್ ಬೆಸೆಯಿರಿ. ಒಳಗೆ ಉಳಿದ ಚಾರ್ಜ್ ಡಯೋಡನ್ನು ಒಂದೇ ಏಟಿಗೆ ಕೊಲ್ಲುತ್ತದೆ.

ಸ್ವಿಚ್ ವಿಷಯದಲ್ಲಿ ನಾನು ಬಹಳ ಹಟಮಾರಿ. ಟಾರ್ಚಿನ ಹಾಗೆ ಕ್ಲಿಕ್ ಆಗಿ ನಿಲ್ಲುವ ಸ್ವಿಚ್ ಬೇಡ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವ ಬಟನ್ ಹಾಕಿ. ಕೈಜಾರಿ ಬಿದ್ದರೆ ತಾನೇ ಆರುತ್ತದೆ. ಅದರ ಜೊತೆ ಕೀ ಇರಲಿ, ಆನ್ ಆದದ್ದು ತೋರಿಸುವ ಸಣ್ಣ ಎಲ್‌ಇಡಿ ಇರಲಿ.

ಡಯೋಡ್ ಕೂರುವ ಹೀಟ್‌ಸಿಂಕನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿನವರು ತಾಮ್ರ ನೋಡಿ ಮುಖ ಸಿಂಡರಿಸಿದರು. ‘ಇದು ಟೂಲಿಗೆ ಅಂಟ್ಕೊಳ್ಳತ್ತೆ ಸಾರ್, ಹಿತ್ತಾಳೆ ಆದ್ರೆ ಐದು ನಿಮಿಷದ ಕೆಲ್ಸ.’ ‘ನಿಧಾನವಾಗೇ ಮಾಡಿ ಅಣ್ಣ, ತಾಮ್ರನೇ ಇರಲಿ’ ಅಂದೆ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ ಶುದ್ಧ ಅಲ್ಯೂಮಿನಿಯಮ್ಮಿಗೆ 200ರ ಮೇಲೆ, ಹಿತ್ತಾಳೆಗೆ 120ರ ಆಸುಪಾಸು. 1.6 ವ್ಯಾಟ್ ಬೆಳಕು ಕೊಡುವ ಡಯೋಡ್ 5 ವ್ಯಾಟಿನಷ್ಟು ವಿದ್ಯುತ್ ಕುಡಿಯುತ್ತದೆ, ಉಳಿದದ್ದೆಲ್ಲ ಶಾಖ. ನೀಲಿಗೆ ತಾಮ್ರವೇ ಬೇಕು. 520ರ ಸಣ್ಣ ಡಯೋಡಿಗೆ ಅಲ್ಯೂಮಿನಿಯಂ ಧಾರಾಳ ಸಾಕು.

ಕೊನೆಗೆ, ಎಲ್ಲಿ ಬಳಸುವುದು. ನಗರದೊಳಗೆ ಆಕಾಶದ ಕಡೆ ಯಾವ ಲೇಸರನ್ನೂ ಎತ್ತಬೇಡಿ. ದೇವನಹಳ್ಳಿಗೆ ಇಳಿಯುವ ವಿಮಾನಗಳಿವೆ, ಯಲಹಂಕದಲ್ಲಿ ವಾಯುಪಡೆಯ ನೆಲೆ ಇದೆ, ಎಚ್‌ಎಎಲ್ ಇದೆ. ರಾತ್ರಿ ಕಾಕ್‌ಪಿಟ್ಟಿನ ಗಾಜಿಗೆ ಬಿದ್ದ ಸಣ್ಣ ಕಿರಣವೂ ಹರಡಿ ಪೈಲಟ್ಟಿನ ಕಣ್ಣು ಕುಕ್ಕುತ್ತದೆ. ಮನೆಯೊಳಗೆ ಕಿರಣ ನಿಲ್ಲಿಸಲು ಎಣ್ಣೆ ಬಣ್ಣದ ಗೋಡೆ, ಪ್ಲೈವುಡ್, ಸುಟ್ಟ ಇಟ್ಟಿಗೆ ಮೂರನ್ನೂ ನೋಡಿದೆ. ಎಣ್ಣೆ ಬಣ್ಣದ ಮೇಲೆ 520 ಕೂಡ ಸೂರಿಗೆ ಚಿಮ್ಮಿತು. ಡಬ್ಬಿಯೊಳಗೆ 445ಕ್ಕೆ ಪ್ಲೈವುಡ್ ಹೊಗೆಯಾಡಿತು. ಒರಟು ಮೈಯ ಸುಟ್ಟ ಇಟ್ಟಿಗೆ ಎರಡಕ್ಕೂ ಸರಿಹೋಯಿತು, ಈಗ ಮೇಜಿನ ಆ ತುದಿಯಲ್ಲಿ ಒಂದು, ಡಬ್ಬಿಯೊಳಗೆ ಒಂದು ಇಟ್ಟಿದ್ದೇನೆ.