ಹೆಸರಿಗೆ ಬುಕ್‌ಶೆಲ್ಫ್, ಇಡುವುದು ಬೇರೆಡೆ: ಮೂರು ಜೋಡಿ ಸ್ಪೀಕರ್‌ಗಳ ದೀರ್ಘಕಾಲದ ವಿಮರ್ಶೆ

ಬುಕ್‌ಶೆಲ್ಫ್ ಸ್ಪೀಕರ್ ಕೊಳ್ಳುವ ಮುಂಚೆ ಟೇಪು ಹಿಡಿದು ಒಂದು ಅಳತೆ ತೆಗೆದುಕೊಳ್ಳಿ: ಗೋಡೆಯಿಂದ ಮುಂದಕ್ಕೆ ಎಷ್ಟು ಜಾಗ ಬಿಟ್ಟುಕೊಡಲು ಮನೆಯವರು ಒಪ್ಪುತ್ತಾರೆ? ಒಂದು ಗೇಣೋ, ಒಂದು ಮೊಳವೋ, ಎರಡು ಮೊಳವೋ? ವಾರ್ಫ್‌ಡೇಲ್ ಡೈಮಂಡ್ 12.1, ಕೆಇಎಫ್ ಕ್ಯೂ150, ಎಲ್ಯಾಕ್ ಡೆಬ್ಯೂ ಬಿ5.2 ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಆ ಅಳತೆಯಲ್ಲೇ ಇದೆ. ಮೂರಕ್ಕೂ ಐದು ಇಂಚಿನ ಆಸುಪಾಸಿನ ವೂಫರ್ (ಕೆಳಸ್ವರ ನುಡಿಸುವ ದೊಡ್ಡ ಕೋನ್), ಮೂರಕ್ಕೂ ಹೊರಗಿನ ಆಂಪ್ಲಿಫೈಯರ್ ಬೇಕು.

12.1 ಮತ್ತು ಕ್ಯೂ150ರ ಗಾಳಿ ಬಿಡುವ ಪೋರ್ಟ್ ಬೆನ್ನಿಗಿದೆ. ಬಿ5.2ಕ್ಕೆ ಮುಂದೆ, ವೂಫರ್‌ನ ಕೆಳಗೆ ಸೀಳಿನ ಹಾಗಿದೆ. ಹಿಂದಿನ ಪೋರ್ಟ್‌ನ ಪೆಟ್ಟಿಗೆಯನ್ನು ಗೋಡೆಗೆ ನಾಲ್ಕು ಬೆರಳು ಹತ್ತಿರ ಇಟ್ಟರೆ ಕೆಳಸ್ವರಗಳು ಊದಿಕೊಳ್ಳುತ್ತವೆ, ಮೃದಂಗದ ಎಡಮುಖ ಹಲಗೆ ಬಡಿದ ಹಾಗೆ ಕೇಳುತ್ತದೆ. ಆದರೆ ಮುಂದಿನ ಪೋರ್ಟ್ ಇದೆಯೆಂದು ಗೋಡೆಗೆ ಅಂಟಿಸಿಬಿಡುವುದೂ ಸರಿಯಲ್ಲ. ಕೆಳಸ್ವರಗಳ ಸದ್ದು ಪೆಟ್ಟಿಗೆಯ ಸುತ್ತಲೂ ಹರಡುವುದರಿಂದ ಗೋಡೆಯ ಪ್ರಭಾವ ಯಾರನ್ನೂ ಬಿಡುವುದಿಲ್ಲ. ಬಿ5.2ರ ಲಾಭ ಎರಡು: ಆಳ ಸುಮಾರು 23 ಸೆಂ.ಮೀ. ಮಾತ್ರ (ಉಳಿದೆರಡು 28ರ ಹತ್ತಿರ), ಮತ್ತು ಗೋಡೆ ಪೋರ್ಟ್‌ನ ಬಾಯಿ ಕಟ್ಟುವುದಿಲ್ಲ.

ಹಾಗಂತ ದೂರ ಎಳೆದಷ್ಟೂ ಒಳ್ಳೆಯದು ಅನ್ನುವ ಹಾಗೂ ಇಲ್ಲ. ಸ್ಪೀಕರ್‌ನ ಮುಖದಿಂದ ಹಿಂದಿನ ಗೋಡೆಗೆ 60 ಸೆಂ.ಮೀ. ಇದ್ದರೆ, ಗೋಡೆಗೆ ಬಡಿದು ಬಂದ ಸದ್ದು 143 ಹರ್ಟ್ಸ್ ಹತ್ತಿರ ನೇರ ಸದ್ದನ್ನು ಕಡಿದುಹಾಕುತ್ತದೆ. 85 ಸೆಂ.ಮೀ. ಆದರೆ ಆ ಗುಂಡಿ 100 ಹರ್ಟ್ಸ್‌ಗೆ ಇಳಿಯುತ್ತದೆ. 343ನ್ನು ದೂರದ (ಮೀಟರ್‌ನಲ್ಲಿ) ನಾಲ್ಕರಷ್ಟರಿಂದ ಭಾಗಿಸಿ, ನಿಮ್ಮ ಮನೆಯ ಲೆಕ್ಕ ಸಿಗುತ್ತದೆ. ಗಂಡುದನಿಯ ತಳವೆಲ್ಲ ಇದೇ ಆಸುಪಾಸಿನಲ್ಲಿ ಇರುವುದರಿಂದ, ಗಾಯಕರು ಯಾಕೋ ಬಡಕಲಾದರು ಅನಿಸಿದರೆ ಸ್ಪೀಕರ್ ಬದಲಿಸುವ ಮೊದಲು ಒಂದು ಗೇಣು ಹಿಂದೆ ಮುಂದೆ ಸರಿಸಿ ನೋಡಿ. ಜಾಗವೇ ಇಲ್ಲದಿದ್ದರೆ ಹಿಂದಿನ ಪೋರ್ಟ್‌ಗೆ ಫೋಮ್ ಬೆಣೆ ತುರುಕಬಹುದು. ಸುರುಳಿ ಸುತ್ತಿದ ಹತ್ತಿಯ ಕಾಲುಚೀಲವೂ ಅದೇ ಕೆಲಸ ಮಾಡುತ್ತದೆ. ಕೆಳಸ್ವರ ಸ್ವಲ್ಪ ಬೇಗ ಇಳಿಯುತ್ತದೆ, ಗುಮ್ಮೆನ್ನುವುದು ನಿಲ್ಲುತ್ತದೆ.

ಇನ್ನು ಕೋಣೆ. ನಮ್ಮ ಫ್ಲ್ಯಾಟುಗಳ 10 ಅಡಿ, 12 ಅಡಿಯ ಕೋಣೆಯಲ್ಲಿ ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ಈ ಅಳತೆಯ ಕೋಣೆ 47 ಮತ್ತು 56 ಹರ್ಟ್ಸ್‌ನಲ್ಲಿ ತಾನೇ ಮೊಳಗುತ್ತದೆ. 46 ಹರ್ಟ್ಸ್‌ವರೆಗೆ ಇಳಿಯುವ ಬಿ5.2 ಇಲ್ಲಿ ಒಮ್ಮೊಮ್ಮೆ ಅತಿಯಾಗುತ್ತದೆ, 65ಕ್ಕೇ ನಿಲ್ಲುವ 12.1 ಅಚ್ಚುಕಟ್ಟಾಗಿ ಕೇಳುತ್ತದೆ. ಕಾಗದದ ಮೇಲೆ ದೊಡ್ಡದಾಗಿ ಕಾಣುವುದು ಕೋಣೆಯಲ್ಲಿ ಗೆಲ್ಲಲೇಬೇಕೆಂದಿಲ್ಲ. ಕೂರುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಝಿಣ್ಣೆಂದು ಬಾಲ ಉಳಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಪುಟಿಯುತ್ತಿದೆ ಎಂದರ್ಥ. ಒಂದು ಗೋಡೆಗೆ ದಪ್ಪ ಪರದೆ, ಸ್ಪೀಕರ್‌ಗೂ ಕೂರುವ ಜಾಗಕ್ಕೂ ನಡುವೆ ಜಮಖಾನ, ಇಷ್ಟಕ್ಕೇ ಮೇಲುಸ್ವರದ ಕರ್ಕಶತೆ ಅರ್ಧ ಇಳಿಯುತ್ತದೆ. ನವಲಗುಂದದ ಜಮಖಾನ ಮನೆಯಲ್ಲಿ ಮಡಿಸಿಟ್ಟಿದ್ದರೆ ಹಾಸಿಬಿಡಿ. ಕೆಳಸ್ವರದ ಮೊಳಗು ಮಾತ್ರ ಬಟ್ಟೆಗೆ ಬಗ್ಗುವುದಿಲ್ಲ. ಅದಕ್ಕೆ ನೀವು ಕೂರುವ ಜಾಗವನ್ನೇ ಹಿಂದಿನ ಗೋಡೆಯಿಂದ ಎರಡು ಅಡಿ ಮುಂದೆ ತರಬೇಕು.

ಸದ್ದಿನ ಹೋಲಿಕೆಗೆ ಕರ್ನಾಟಕ ಸಂಗೀತದ ಸಾದಾ ಕಛೇರಿ ಧ್ವನಿಮುದ್ರಣದಂಥ ಪರೀಕ್ಷೆ ಬೇರೆ ಬೇಡ. ಗಾಯಕರ ಶ್ರುತಿ ಒಂದು ಮನೆ, ಅಂದರೆ ಹಾರ್ಮೋನಿಯಂನ ಸಿ ಎಂದುಕೊಳ್ಳಿ. ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ 98, ತಂಬೂರಿಯ ಮಂದ್ರದ ತಂತಿ 65. ಅಂದರೆ 12.1 ಸೋಲತೊಡಗುವ ಜಾಗದಲ್ಲೇ ಆ ತಂತಿಯ ಮೂಲಸ್ವರ ಇದೆ. ಆದರೂ ತಂಬೂರಿ ಕಳೆದುಹೋಗುವುದಿಲ್ಲ, ಯಾಕೆಂದರೆ ನಾವು ಕೇಳುವ ಝೇಂಕಾರವೆಲ್ಲ ಕುದುರೆಯ (ತಂತಿ ಹಾದುಹೋಗುವ ಸೇತುವೆಯ) ಮೇಲಿನ ಜೀವಾಳಿ ದಾರದಿಂದ ಏಳುವ ಮೇಲಿನ ಸ್ವರಗಳದ್ದು. ಆ ಝೇಂಕಾರವನ್ನು ಬಿಡಿಬಿಡಿಯಾಗಿ ತೋರಿಸುವುದು ಕ್ಯೂ150. ಮೃದಂಗದ ಎಡಮುಖದ ಗುಮ್ಕಿ ನಾದಕ್ಕೆ ತೂಕ ಕೊಡುವುದು ಬಿ5.2. ಹಳೆಯ ಆಕಾಶವಾಣಿ ಮುದ್ರಣಗಳ ಸರಸರ ಸದ್ದನ್ನು ಕ್ಷಮಿಸುವುದು 12.1ರ ಬಟ್ಟೆಯ ಟ್ವೀಟರ್ (ಮೇಲುಸ್ವರ ನುಡಿಸುವ ಪುಟ್ಟ ಗುಮ್ಮಟ). ದಿನಕ್ಕೆ ಮೂರು ಗಂಟೆ ಹಾಡು ಕೇಳುವವರಿಗೆ ಈ ಕೊನೆಯ ಗುಣದ ಬೆಲೆ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ಆರು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಕೇಳುವಾಗ ಎರಡು ಜೋಡಿಯ ಸದ್ದಿನ ಮಟ್ಟ ಒಂದೇ ಇರಲಿ. ಒಂದು ಡೆಸಿಬೆಲ್ ಜೋರಾಗಿರುವುದು ಯಾವಾಗಲೂ ‘ಚೆನ್ನಾಗಿ’ ಕೇಳುತ್ತದೆ, ಮಾರುವವರಿಗೂ ಇದು ಗೊತ್ತು. ನೂರು ಗಂಟೆ ಓಡಿಸಿದರೆ ಸದ್ದು ಅರಳುತ್ತದೆ ಎಂಬ ಮಾತು ಬಂದರೆ ನಕ್ಕು ಸುಮ್ಮನಾಗಿ. ಅರಳುವುದು ನಿಮ್ಮ ಕಿವಿ.

ಇಡುವ ಜಾಗದ ಮಾತಿಗೆ ಮರಳೋಣ. ಗೋಡೆಯೊಳಗೆ ಕಡಪ ಕಲ್ಲು ಕೂರಿಸಿದ ಷೋಕೇಸು ಸ್ಪೀಕರ್‌ಗೆಂದೇ ಮಾಡಿದ ಹಾಗೆ ಕಾಣುತ್ತದೆ. ಅಲ್ಲಿ ಮಾತ್ರ ಬೇಡ. ಗೂಡಿನ ಮೂರೂ ಗೋಡೆ ಸೇರಿ ಮಾತನ್ನು ಮಡಕೆಯೊಳಗಿಂದ ಬಂದಂತೆ ಮಾಡುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಬಿ5.2 ತೆಗೆದುಕೊಂಡು, ಅದರ ಮುಖ ಕಲ್ಲಿನ ಅಂಚಿಗೆ ಸಮನಾಗಿ ಬರುವಂತೆ ಮುಂದಕ್ಕೆ ಎಳೆದು, ಸುತ್ತಲಿನ ಖಾಲಿ ಜಾಗಕ್ಕೆ ಪುಸ್ತಕ ತುಂಬಿ, ಕೆಳಗೆ ನಾಲ್ಕು ರಬ್ಬರ್ ವಾಷರ್ ಕೊಡಿ. ಸ್ಟ್ಯಾಂಡ್ ಮಾಡಿಸುವುದಾದರೆ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕೂತರೆ ಕಿವಿ ಹೆಚ್ಚುಕಡಿಮೆ 95 ಸೆಂ.ಮೀ., ಚಾಪೆಯ ಮೇಲೆ ಕೂತರೆ 75. ಮಾರುಕಟ್ಟೆಯ 24 ಇಂಚಿನ ಸ್ಟ್ಯಾಂಡಿನ ಮೇಲಿಟ್ಟರೆ ಟ್ವೀಟರ್ ಇವೆರಡರ ನಡುವೆ ಬರುತ್ತದೆ. ಚೌಕದ ಕಬ್ಬಿಣದ ಪೈಪು, ಒಳಗೆ ಒಣಮರಳು, ತಳಕ್ಕೆ ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡು, ಇಷ್ಟರಲ್ಲಿ ವೆಲ್ಡಿಂಗ್‌ನವರು ಒಳ್ಳೆಯ ಸ್ಟ್ಯಾಂಡನ್ನೇ ಮಾಡಿಕೊಡುತ್ತಾರೆ. ಮರಳು ಹಸಿಯಿದ್ದರೆ ಪೈಪು ಒಳಗಿಂದ ತುಕ್ಕು ಹಿಡಿಯುತ್ತದೆ.

ಟಿವಿಯ ಕೆಳಗೆ ಅಡ್ಡ ಮಲಗಿಸಲೇಬೇಕಾದವರಿಗೆ ಕ್ಯೂ150 ಒಂದೇ ದಾರಿ. ಅದರ ಟ್ವೀಟರ್ ವೂಫರ್‌ನ ನಟ್ಟನಡುವೆ ಕೂತಿದೆ. ಕೆಇಎಫ್‌ನವರು ಯೂನಿ-ಕ್ಯೂ ಎಂದು ಹೆಸರಿಟ್ಟು 1988ರಿಂದ ತಿದ್ದುತ್ತಾ ಬಂದ ವಿನ್ಯಾಸ ಇದು. ಉಳಿದೆರಡರಲ್ಲಿ ಟ್ವೀಟರ್ ಮತ್ತು ವೂಫರ್ ಬೇರೆ ಬೇರೆ ಜಾಗದಲ್ಲಿವೆ. ವೂಫರ್ ಬಿಟ್ಟು ಟ್ವೀಟರ್ ಹಿಡಿಯುವ ಜಾಗದ ಆಸುಪಾಸಿನ 2,500 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 14 ಸೆಂ.ಮೀ., ಅವೆರಡರ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಮಲಗಿಸಿದರೆ ಬದಿಗೆ ಕೂತವರಿಗೆ ಎರಡರ ಸದ್ದು ಹಿಂದುಮುಂದಾಗಿ ತಲುಪಿ, ಮಾತಿನ ಸ್ಪಷ್ಟತೆ ಇರುವ ಜಾಗದಲ್ಲೇ ತೂತು ಬೀಳುತ್ತದೆ. ಮೂರು ಜನ ಸಾಲಾಗಿ ಕೂತು ಕೇಳುವ ಮನೆಗೂ ಕ್ಯೂ150ಯೇ ವಾಸಿ. ಗ್ರಿಲ್ ಬೇರೆ ಕೊಳ್ಳಬೇಕು, ಪುಟ್ಟ ಮಕ್ಕಳಿದ್ದರೆ ಕೊಂಡೇ ಬಿಡಿ.

ಆಂಪ್ಲಿಫೈಯರ್ ವಿಷಯದಲ್ಲಿ ಒಂದೇ ಲೆಕ್ಕ. 12.1ರ ಸೆನ್ಸಿಟಿವಿಟಿ (ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) 88 ಡೆಸಿಬೆಲ್, ಉಳಿದೆರಡರದ್ದು 86. ಎರಡೇ ಅನಿಸಬಹುದು, ಆದರೆ 12.1ಕ್ಕೆ 32 ವ್ಯಾಟ್ ಸಾಕಾದಲ್ಲಿ ಅವಕ್ಕೆ 50 ಬೇಕು. ಕ್ಯೂ150ರ ಮೇಲೆ 8 ಓಮ್ ಎಂದು ಬರೆದಿದ್ದರೂ ವಿದ್ಯುತ್ತಿಗೆ ಒಡ್ಡುವ ಆ ತಡೆ ಕೆಲವು ಸ್ವರಗಳಲ್ಲಿ 3.7ಕ್ಕೆ ಇಳಿಯುತ್ತದೆ, ಆಂಪ್ ಹೆಚ್ಚು ಕರೆಂಟು ಕೊಡಬೇಕಾಗುತ್ತದೆ. ಹಾಗಾಗಿ 4 ಓಮ್‌ಗೆ ಒಗ್ಗುವ, ಚಾನೆಲ್‌ಗೆ 50 ವ್ಯಾಟ್ ನಿಜವಾಗಿ ಕೊಡುವ ಆಂಪ್ಲಿಫೈಯರ್ ತೆಗೆದುಕೊಂಡರೆ ಮೂರಕ್ಕೂ ಆಯಿತು. ಟ್ವೀಟರ್ ಸುಡುವುದು ಹೆಚ್ಚಾಗಿ ದೊಡ್ಡ ಆಂಪ್‌ನಿಂದಲ್ಲ, ಚಿಕ್ಕ ಆಂಪನ್ನು ಕೊನೆಯವರೆಗೆ ತಿರುಗಿಸಿ ಅದು ಅಲೆಯ ತುದಿ ಕತ್ತರಿಸತೊಡಗಿದಾಗ. ಗಂಟಲು ಕಟ್ಟಿದ ಹಾಗೆ ಕೇಳಿದ ಕೂಡಲೇ ಸದ್ದು ಇಳಿಸಿ.

ವೈರಿಗೆ ದುಡ್ಡು ಸುರಿಯಬೇಡಿ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ಎಳೆವೈರು ಐದು ಮೀಟರ್ ಓಡಿದರೂ ಹೋಗಿಬರುವ ಒಟ್ಟು ರೋಧ 0.13 ಓಮ್ ಅಷ್ಟೇ. ತುದಿಗೆ ಬೆಸುಗೆ ಹಾಕಿ ಸ್ಕ್ರೂನಲ್ಲಿ ಬಿಗಿದರೆ ಸೀಸ ನಿಧಾನಕ್ಕೆ ಹಿಂಡಿಕೊಂಡು ಸಡಿಲವಾಗುತ್ತದೆ. ಬರಿ ಎಳೆಗಳನ್ನು ಹೊಸೆದು ಬಿಗಿಯಿರಿ, ಇಲ್ಲವೇ ಬನಾನಾ ಪ್ಲಗ್ ಹಾಕಿ. ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ತಿರುಗಿದರೆ ಕೆಳಸ್ವರ ಮಾಯ, ಗಾಯಕರು ಎಲ್ಲಿ ನಿಂತಿದ್ದಾರೆಂದೇ ತಿಳಿಯದು. ಅನುಮಾನ ಬಂದರೆ ವೈರನ್ನು ಆಂಪ್‌ನಿಂದ ಬಿಚ್ಚಿ, ಆ ತುದಿಗಳಿಗೆ 1.5 ವೋಲ್ಟ್ ಸೆಲ್ ಒಮ್ಮೆ ತಾಗಿಸಿ. ಸೆಲ್ಲಿನ ಪ್ಲಸ್, ಸ್ಪೀಕರ್‌ನ ಪ್ಲಸ್‌ಗೆ ಹೋದಾಗ ವೂಫರ್ ಹೊರಕ್ಕೆ ಚಿಮ್ಮಬೇಕು.

ಕ್ಯೂ150ರ ಜಾಗಕ್ಕೆ 2024ರಲ್ಲಿ ಕ್ಯೂ ಮೆಟಾ ಸರಣಿ ಬಂದಿರುವುದರಿಂದ ಹಳೆಯ ಜೋಡಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಮಲ್ಟಿಮೀಟರ್ ಹಿಡಿದು ಓಮ್ ತೋರಿಸಿತು, ಸರಿಯಿದೆ ಅನ್ನುವವರನ್ನು ನಂಬಬೇಡಿ. ಟ್ವೀಟರ್‌ನ ದಾರಿಯಲ್ಲಿ ಮೀಟರಿನ ಕರೆಂಟನ್ನು ತಡೆಯುವ ಕೆಪಾಸಿಟರ್ ಇರುವುದರಿಂದ ಮೀಟರಿಗೆ ಕಾಣುವುದು ವೂಫರ್ ಮಾತ್ರ. ಖಂಜಿರ ಇರುವ ಹಾಡು ಹಾಕಿ, ಸದ್ದು ಕಡಿಮೆ ಮಾಡಿ, ಒಂದೊಂದಕ್ಕೂ ಕಿವಿ ಕೊಡಿ. ಬಿಲ್ಲೆಯ ಗಲಗಲ ಎರಡರಲ್ಲೂ ಒಂದೇ ಹೊಳಪಿನಲ್ಲಿರಬೇಕು.

ಕರಾವಳಿ, ಮಲೆನಾಡಿನವರು ತೀರಾ ಹಳೆಯ ಸ್ಪೀಕರ್ ಕೊಳ್ಳುವಾಗ ವೂಫರ್ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಆದರೆ ಬಾಳುತ್ತದೆ, ಫೋಮ್ ಆದರೆ ತೇವಕ್ಕೆ ಪುಡಿಪುಡಿಯಾಗಿ ಬೆರಳಿಗೇ ಹತ್ತುತ್ತದೆ. ನೆಲ ಒರೆಸುವ ನೀರು ತಾಗಿದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ತಳ ಬ್ರೆಡ್ಡಿನಂತೆ ಉಬ್ಬುತ್ತದೆ, ಅದಕ್ಕೆ ಮದ್ದಿಲ್ಲ. ಮಳೆಗಾಲದಲ್ಲಿ ಗ್ರಿಲ್ ಬಟ್ಟೆಗೆ ಬೂಷ್ಟು ಬಂದರೆ ಕಳಚಿ, ಬಿಸಿಲಿಗಿಟ್ಟು ಒಣ ಬ್ರಷ್‌ನಿಂದ ಉಜ್ಜಿ. ವ್ಯಾಕ್ಯೂಮ್ ಕ್ಲೀನರನ್ನು ಟ್ವೀಟರ್ ಬಳಿಗೂ ಒಯ್ಯಬೇಡಿ. ಹಿಂದಿನ ಪೋರ್ಟ್‌ನ ಬಾಯಿಗೆ ಸೊಳ್ಳೆ ಜಾಲರಿಯ ತುಂಡು ಅಂಟಿಸುವುದು ಒಳ್ಳೆಯದು. ಬೆಚ್ಚಗಿನ ಕತ್ತಲ ಗೂಡು ಹಲ್ಲಿಗೂ ಇಷ್ಟ, ಜಿರಳೆಗೂ ಇಷ್ಟ.