ಬಟ್ಟೆ ಶಿಲ್ಪದ ಚರ್ಮಕ್ಕೆ ನೈಲಾನ್ ಸ್ಟಾಕಿಂಗ್: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

ಒಳಗೆ ತಂತಿಯ ಅಸ್ಥಿಪಂಜರ, ಅದರ ಮೇಲೆ ಫೈಬರಿನ ಮಾಂಸಖಂಡ, ಹೊರಗೆ ಸ್ಟಾಕಿಂಗಿನ ಚರ್ಮ. ಅಮೆರಿಕದ ಲೀಸಾ ಲಿಚ್ಟೆನ್‌ಫೆಲ್ಸ್ ತಮ್ಮ ಮನುಷ್ಯಾಕೃತಿಗಳನ್ನು ಕಟ್ಟುವುದು ಹೀಗೆ. ಮುಖದ ಕೆಲಸಕ್ಕೆ ಮಲ್ ಬಟ್ಟೆಯಾಗಲಿ ಲಾಂಗ್‌ಕ್ಲಾತ್ ಆಗಲಿ ಇದರ ಹತ್ತಿರ ಬರುವುದಿಲ್ಲ. ನೇಯ್ದ ಬಟ್ಟೆ ಗಲ್ಲದ ತಿರುವಿನಲ್ಲಿ ನೆರಿಗೆ ಕಟ್ಟುತ್ತದೆ. ಹೆಣೆದ ನೈಲಾನ್ ಎಲ್ಲ ಕಡೆಗೂ ಹಿಗ್ಗಿ ಕೂರುತ್ತದೆ.

ಕೊಳ್ಳುವಾಗ ಡೆನಿಯರ್, ಅಂದರೆ ಎಳೆಯ ದಪ್ಪದ ಅಳತೆ, ನೋಡಿ. ಹೊರಪದರಕ್ಕೆ 15–20, ಒಳಪದರಕ್ಕೆ 40. ಬರೀ ತೆಳುವಾದದ್ದನ್ನು ಹಾಕಿದರೆ ಫೈಬರಿನ ಎಳೆಗಳು ಗಡ್ಡದಂತೆ ಹೊರಗೆ ಇಣುಕುತ್ತವೆ. ಎರಡು ಮೂರು ಪದರ ಬಿದ್ದಾಗಲೇ ಚರ್ಮಕ್ಕೆ ಆಳ ಬರುವುದು. ಸೊಂಟದ ಬಿಗಿ ಪಟ್ಟಿ, ಕಾಲ್ಬೆರಳಿನ ತುದಿಯ ದಪ್ಪ ಹೆಣಿಗೆ ಮುಖಕ್ಕೆ ಬೇಡ.

‘ಸ್ಕಿನ್ ಕಲರ್’ ಎಂದು ಮಾರುವುದು ಯಾರ ಚರ್ಮವೋ! ನಮ್ಮ ಮೈಬಣ್ಣಕ್ಕೆ ಬಹುತೇಕ ಹೊಂದದು. ತೀರಾ ತಿಳಿ ಬಣ್ಣದ್ದನ್ನು ತಂದು ಬಿಸಿ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಅಥವಾ ವಿನೆಗರ್ ಹಾಕಿ ಆ್ಯಸಿಡ್ ಡೈ (ಉಣ್ಣೆ, ರೇಷ್ಮೆ, ನೈಲಾನಿಗೆ ಹಿಡಿಯುವ ಬಣ್ಣ) ಕೊಡಿ. ಹತ್ತಿಗೆ ಹಾಕುವ ಬಣ್ಣ ನೈಲಾನಿಗೆ ಸರಿಯಾಗಿ ಹಿಡಿಯುವುದಿಲ್ಲ.

45 ಸೆಂ.ಮೀ. ಎತ್ತರದ ಆಕೃತಿಗೆ ತಲೆ ಸುಮಾರು 6 ಸೆಂ.ಮೀ. ಇರಲಿ. 3 ಮಿ.ಮೀ. ಅಲ್ಯೂಮಿನಿಯಂ ತಂತಿ ಸಾಕು, ಕಾಲಿಗೆ ಮಾತ್ರ ಎರಡೆಳೆ ಹುರಿ ಮಾಡಿ. ತಂತಿಯ ತುದಿಯನ್ನು ಮಡಚಿ ಟೇಪ್ ಸುತ್ತದಿದ್ದರೆ ಮೊದಲು ಹರಿಯುವುದು ಅಲ್ಲಿಯೇ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರನ್ನು ಚಿಕ್ಕ ಚಿಕ್ಕದಾಗಿ ಬಿಡಿಸಿ ಕೂರಿಸಿ. ಉಂಡೆಯಾಗಿ ತುರುಕಿದರೆ ಕೆನ್ನೆಯಲ್ಲಿ ಗಂಟು ಕಾಣುತ್ತದೆ, ಮೇಲಿನಿಂದ ಎಷ್ಟು ಒತ್ತಿದರೂ ಹೋಗದು.

ಮೂಗು, ಕಣ್ಣಿನ ಗುಳಿ, ತುಟಿ ಮೂಡುವುದು ಉದ್ದ ಸೂಜಿಯಿಂದ. ಮೂಗಿನ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸಿ, ನಿಧಾನವಾಗಿ ಎಳೆದು ಬಿಗಿ ಮಾಡಿ. ಗಟ್ಟಿ ಪಾಲಿಯೆಸ್ಟರ್ ದಾರವೇ ಆಗಬೇಕು; ಸಾದಾ ಹತ್ತಿ ದಾರ ಎಳೆತಕ್ಕೆ ತುಂಡಾಗುತ್ತದೆ. ಹೊರಟ ಚುಕ್ಕೆಯಲ್ಲೇ ಸೂಜಿಯನ್ನು ಮತ್ತೆ ಚುಚ್ಚಿದರೆ ದಾರಕ್ಕೆ ಹಿಡಿತ ಸಿಗದೆ ಒಳಗೆ ಜಾರುತ್ತದೆ. ಎರಡು ಮಿ.ಮೀ. ಪಕ್ಕಕ್ಕೆ ಚುಚ್ಚಿ.

ದೊಡ್ಡ ದೋಷ ಎಳೆ ಬಿಡುವುದು. ಒಡೆದ ಉಗುರು ತಾಗಿದರೂ ಸಾಕು, ಏಣಿಯಂತೆ ಬಿಚ್ಚಿಕೊಳ್ಳುತ್ತದೆ. ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ ಅದನ್ನು ತಡೆಯುತ್ತದಾದರೂ ಒಣಗಿದ ಮೇಲೆ ಹೊಳೆಯುತ್ತದೆ. ಕಿವಿಯ ಹಿಂದೆ ನಡೆದೀತು, ಹಣೆಯ ಮೇಲೆ ನಡೆಯದು. ಬಿಸಿಲಿಗಂತೂ ನೈಲಾನ್ ಹಳದಿಯಾಗಿ ಬಲ ಕಳೆದುಕೊಳ್ಳುತ್ತದೆ. ಕಿಟಕಿ ಪಕ್ಕದ ಶೋಕೇಸಿಗೆ ಮಾಡಿಕೊಡಿ ಎಂದು ಕೇಳುವವರಿಗೆ ಹತ್ತಿ ಬಟ್ಟೆಯ ಗೊಂಬೆಯೇ ಸರಿ.