ಕೊಳೆ ಔಷಧಿ: ಹರಳು ಮೈಲುತುತ್ತ ಮೇಲೋ, ಸಿದ್ಧ ಪುಡಿ ಮೇಲೋ?

ಮೃಗಶಿರ ಮಳೆ ಹಿಡಿಯುವ ಮೊದಲು ಕಾಯಿ ಕೊಳೆತು ಉದುರುವ ಕೊಳೆ ರೋಗ ತಡೆಯಲು ಅಡಿಕೆ ಕೊನೆಗೆ (ಗೊಂಚಲಿಗೆ) ಒಂದು ಸುತ್ತು ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಬೀಳಲೇಬೇಕು ಎಂಬುದರಲ್ಲಿ ಮಲೆನಾಡಿನಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಯಾವುದನ್ನು ಕೊಳ್ಳಬೇಕು ಎನ್ನುವಲ್ಲಿ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಗೊಬ್ಬರದಂಗಡಿಗಳಲ್ಲಿ ತಾಮ್ರದ ಔಷಧಿ ಮುಖ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ: ಸುಣ್ಣದ ಜೊತೆ ನಾವೇ ಕಲಸಬೇಕಾದ ಹರಳು ಮೈಲುತುತ್ತ (ಕಾಪರ್ ಸಲ್ಫೇಟ್), ನೀರಿಗೆ ಸುರಿದು ಕಲಕಿದರೆ ಮುಗಿಯಿತು ಎನ್ನುವ ಸಿದ್ಧ ಬೋರ್ಡೋ ಪುಡಿ, ಇನ್ನೊಂದು ಕಾಪರ್ ಆಕ್ಸಿಕ್ಲೋರೈಡ್. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹರಳಿಗೆ ಐದಕ್ಕೆ ನಾಲ್ಕು ಅಂಕ, ಆಕ್ಸಿಕ್ಲೋರೈಡಿಗೆ ಮೂರು, ಸಿದ್ಧ ಪುಡಿಗೆ ಎರಡು.

ಕೀಟನಾಶಕದ ಕಾನೂನು ಬಿಗಿಯಾಗುತ್ತ ಬಂದಂತೆ ಈ ಆಯ್ಕೆಯ ತೂಕ ಹೆಚ್ಚಿದೆ. 2018ರಲ್ಲಿ ಕೇಂದ್ರ ಸರ್ಕಾರ 18 ಔಷಧಿಗಳನ್ನು ನಿಷೇಧಿಸಿತು. ಬೇರುಹುಳಕ್ಕೆಂದು ಅಡಿಕೆ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಅದರಲ್ಲೊಂದು. 2020ರ ಕೊನೆಗೆ ಅದು ಪೂರ್ತಿ ಬಂದ್ ಆಯಿತು. 2020ರ ಮೇ ತಿಂಗಳಲ್ಲಿ ಇನ್ನೂ 27ರ ಕರಡು ಪಟ್ಟಿ ಹೊರಬಿತ್ತು. ಮ್ಯಾಂಕೋಜೆಬ್, ಕಾರ್ಬೆಂಡಾಜಿಂ, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಎಲ್ಲವೂ ಅದರಲ್ಲಿದ್ದವು. ಅಷ್ಟೂ ಹೋಗಿದ್ದರೆ ತೋಟ-ಗದ್ದೆಯವರ ಔಷಧಿ ಕಪಾಟು ಅರ್ಧ ಖಾಲಿ. 2023ರಲ್ಲಿ ಕೊನೆಗೂ ನಿಷೇಧವಾದದ್ದು ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್ ಮತ್ತು ಮೊನೊಕ್ರೊಟೊಫಾಸ್‌ನ 36% ದ್ರಾವಣ. ಉಳಿದವು ಆ ಸಲಕ್ಕೆ ಬಚಾವಾದವು, ಅಷ್ಟೆ. ಯುರೋಪಿಯನ್ ಒಕ್ಕೂಟವಂತೂ ಕ್ಲೋರ್‌ಪೈರಿಫಾಸ್, ಮ್ಯಾಂಕೋಜೆಬ್ ಎರಡರ ಅನುಮತಿಯನ್ನೂ 2020ರಲ್ಲೇ ನವೀಕರಿಸದೆ ಕೈಬಿಟ್ಟಿದೆ. ನಮ್ಮ ಅಡಿಕೆ ಅಲ್ಲಿಗೆ ಹೋಗುವುದಿಲ್ಲ, ನಮಗೇನು ಎನ್ನುವ ಹಾಗಿಲ್ಲ. ಅದೇ ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೆ ಹೊರದೇಶದ ಮಾರುಕಟ್ಟೆ ಇದೆ, ಅಡಿಕೆ ಕೊನೆಗೆ ಹೊಡೆದ ಔಷಧಿ ಸೋರುವುದು ಆ ಬಳ್ಳಿಯ ಮೇಲೆಯೇ.

ಮೈಲುತುತ್ತ ಇಲ್ಲಿನ ಈ ಎರಡೂ ಪಟ್ಟಿಗಳಲ್ಲಿ ಇಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋವನ್ನು ಅಡಿಕೆ ಕೊಳೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ನೂರು ವರ್ಷ ದಾಟಿದರೂ ಮದ್ದು ಹಳತಾಗಿಲ್ಲ. ತಾಮ್ರ ರೋಗಾಣುವಿನ ಜೀವಕೋಶಕ್ಕೆ ಹಲವು ಕಡೆ ಏಕಕಾಲಕ್ಕೆ ಪೆಟ್ಟು ಕೊಡುವುದರಿಂದ ಅದು ಸುಲಭಕ್ಕೆ ಪಳಗುವುದಿಲ್ಲ. ಒಂದೇ ಕಡೆ ಕೆಲಸ ಮಾಡುವ ಮೆಟಲಾಕ್ಸಿಲ್‌ನಂಥ ಶಿಲೀಂಧ್ರನಾಶಕಗಳಿಗೆ ಈ ಬಲ ಇಲ್ಲ. ಆದರೆ ಬೋರ್ಡೋ ತಡೆಯುವ ಔಷಧಿ, ವಾಸಿ ಮಾಡುವುದಲ್ಲ. ಕಾಯಿಯೊಳಗೆ ಹೊಕ್ಕ ಕೊಳೆಯನ್ನು ಅದು ಮುಟ್ಟುವುದಿಲ್ಲ. ಉದುರು ಶುರುವಾದ ಮೇಲೆ ಹೊಡೆದು ಔಷಧಿಯನ್ನು ಬೈದು ಫಲವಿಲ್ಲ.

ಹರಳು ಕೊಳ್ಳುವಾಗ ಬಣ್ಣ ನೋಡಿ. ಗಾಢ ನೀಲಿ, ಬೆಳಕು ಹಾಯುವಂಥ ಹರಳು ಒಳ್ಳೆಯದು. ಮೇಲೆ ಬಿಳಿ ಪುಡಿ ಕೂತಿದ್ದರೆ ಹರಳಿನ ನೀರಿನಂಶ ಆರಿದೆ ಎಂದರ್ಥ, ಹೆದರಬೇಕಿಲ್ಲ. ಹಸಿರು ಛಾಯೆ ಇದ್ದರೆ ಕಬ್ಬಿಣದ ಸಲ್ಫೇಟ್ ಬೆರಕೆಯ ಅನುಮಾನ, ಅಲ್ಲೇ ಬಿಟ್ಟು ಬನ್ನಿ.

ಮೋಸ ಹೋಗುವುದು ಮೈಲುತುತ್ತದಲ್ಲಿ ಕಡಿಮೆ, ಸುಣ್ಣದಲ್ಲಿ ಹೆಚ್ಚು. ಮಲೆನಾಡಿನ ಥಂಡಿಗೆ ಸುಟ್ಟ ಸುಣ್ಣ ಚೀಲದಲ್ಲೇ ಅರಳಿ, ಗಾಳಿ ಹಿಡಿದು, ಕೊನೆಗೆ ಸತ್ವವಿಲ್ಲದ ಸೀಮೆಸುಣ್ಣದಂತಾಗುತ್ತದೆ. ಒಂದು ಗಟ್ಟಿಗೆ ನೀರು ಹನಿಸಿ: ಬಿಸಿ ಉಗುಳಿ, ಹೊಗೆಯಾಡಿ, ಬಿರುಕು ಬಿಟ್ಟು ಅರಳಿದರೆ ಜೀವ ಇದೆ. ಸುಮ್ಮನೆ ನೆನೆದು ಕೂತರೆ ಅದು ಗೋಡೆಗೂ ಸಾಲದು.

ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆ.ಜಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ ಡ್ರಮ್ಮಿನಲ್ಲಿ ತಾಮ್ರ ಗೋಡೆಗೆ ಹತ್ತಿ ಹೋಗುತ್ತದೆ. ಹರಳನ್ನು ತಳಕ್ಕೆ ಸುರಿದರೆ ಗಂಟೆಗಟ್ಟಲೆ ಕರಗುವುದಿಲ್ಲ. ಗೋಣಿ ತುಂಡಿನಲ್ಲಿ ಕಟ್ಟಿ, ನೀರಿನ ಮೇಲ್ಮಟ್ಟಕ್ಕೆ ಮುಳುಗುವಂತೆ ಹಿಂದಿನ ರಾತ್ರಿಯೇ ತೂಗುಬಿಡಿ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಹರಳಿಗೆ ಬರುತ್ತದೆ, ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಸುಣ್ಣವನ್ನು ಬೇರೆಯಾಗಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿಯಲು ಬಿಡಿ. ಬಿಸಿ ಸುಣ್ಣಕ್ಕೆ ತುತ್ತ ಸುರಿದರೆ ಕಣ ದಪ್ಪವಾಗುತ್ತದೆ: ತಳ ಹಿಡಿಯುತ್ತದೆ, ನಾಜಲ್ ಕಟ್ಟುತ್ತದೆ, ಕಾಯಿಗೆ ಅಂಟುವುದಿಲ್ಲ. ಸುರಿಯುವ ಕ್ರಮ ಸುಣ್ಣದ ತಿಳಿಗೆ ತುತ್ತದ ನೀರು, ಕಲಕುತ್ತ, ನಿಧಾನಕ್ಕೆ. ಉಲ್ಟಾ ಮಾಡಿದರೂ ಇದೇ ದಪ್ಪ ಕಣದ ಕಾಟ.

ಕೊನೆಗೆ ಹಸನಾದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಬಿಡಿ ತಾಮ್ರ ಉಳಿದಿದೆ. ಎಳೆಗಾಯಿ, ಹಿಂಗಾರ ಸುಡುತ್ತದೆ. ಕೆಂಪು ಮಾಯವಾಗುವವರೆಗೆ ಸುಣ್ಣದ ತಿಳಿ ಸೇರಿಸಿ. ಸುಣ್ಣ ಅಪ್ಪಟವಾಗಿದ್ದರೆ ಸಮಕ್ಕೆ ಸಮ ಬೇಕಾಗುವುದೇ ಇಲ್ಲ. ಕಲಸಿದ್ದನ್ನು ಅವತ್ತೇ ಮುಗಿಸಿ, ರಾತ್ರಿ ಕಳೆದರೆ ಅಂಟು ಹೋಗುತ್ತದೆ. ಎರಡನೇ ಸುತ್ತು 40-45 ದಿನಕ್ಕೆ.

ಈ ತೊಂದರೆಯೆಲ್ಲ ಬೇಡವೆಂದೇ ಸಿದ್ಧ ಪುಡಿ ಮಾರಾಟವಾಗುವುದು. ಗುಣ ಇರುವುದು ಹೊಸದಾಗಿ ಕಲಸಿದಾಗ ಹುಟ್ಟುವ ಲೋಳೆಯಂಥ ನೀಲಿ ಕಣದಲ್ಲಿ. ಅದು ಕಾಯಿಯ ಮೇಲೆ ಪೊರೆಯಾಗಿ ಒಣಗುತ್ತದೆ, ಆಮೇಲೆ ಮಳೆಗೆ ಜಗ್ಗುವುದಿಲ್ಲ. ಒಮ್ಮೆ ಒಣಗಿಸಿ ಪುಡಿ ಮಾಡಿದರೆ ಆ ಲೋಳೆ ಮತ್ತೆ ಹುಟ್ಟದು. ಬಯಲುಸೀಮೆಯ ಮಳೆಗೆ ನಡೆದೀತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಆಗುಂಬೆ ಕಡೆ ತೊಳೆದು ಹೋಗುತ್ತದೆ. ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹಾಕಿದರೆ ತಾಮ್ರ ಸಿಗುವುದು 1.5 ಗ್ರಾಂ, ಬೋರ್ಡೋದಲ್ಲಿ 2.5. ನಾಜಲ್ ಕಟ್ಟುವುದಿಲ್ಲ ಎಂಬುದು ಅದರ ದೊಡ್ಡ ಗುಣ, ಅಂಟು ಕಡಿಮೆ ಎಂಬುದು ದೋಷ.

ಹರಳಿಗೆ ಐದಕ್ಕೆ ಐದು ಕೊಡದಿರಲು ಕಾರಣ ಮಣ್ಣು. ತಾಮ್ರ ಕೊಳೆಯುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ತೋಟದ ಮೇಲ್ಮಣ್ಣಿನಲ್ಲೇ ಕೂತು ಎರೆಹುಳಕ್ಕೆ ಮುಳ್ಳಾಗುತ್ತದೆ. ಯುರೋಪಿನಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆ.ಜಿ. ತಾಮ್ರ ಎಂದು ಮಿತಿ ಹಾಕಿದ್ದಾರೆ. ಅದು ನಮಗೆ ಅನ್ವಯವಾಗದು, ಆದರೂ ಲೆಕ್ಕ ಹಾಕಿ ನೋಡಬಹುದು. ಎಕರೆಗೆ 540 ಮರ, ಮರಕ್ಕೆ ಅರ್ಧ ಲೀಟರ್ ಎಂದರೆ ಸುತ್ತಿಗೆ 2.7 ಕೆ.ಜಿ. ಮೈಲುತುತ್ತ. ಅದರ ಕಾಲು ಭಾಗ ತಾಮ್ರ. ಎರಡು ಸುತ್ತಿಗೆ ಹೆಕ್ಟೇರಿಗೆ ಸುಮಾರು 3.3 ಕೆ.ಜಿ., ಅಂದರೆ ಅವರ ವರ್ಷದ ಸರಾಸರಿ 4ರ ಒಳಗೆ. ಮೂರನೇ ಸುತ್ತಿಗೆ ಅದು 5 ದಾಟುತ್ತದೆ. ಮಳೆ ಬಿಡದ ವರ್ಷ ಮೂರನೆಯದು ಬೇಕೇ ಬೇಕಾದೀತು. ಪ್ರತಿ ವರ್ಷವೂ ರೂಢಿ ಮಾಡಿಕೊಳ್ಳುವುದು, ‘ಗಟ್ಟಿ ಇರಲಿ’ ಎಂದು ಶೇಕಡ 2ಕ್ಕೆ ಏರಿಸುವುದು ಬೇಡ. ಗಾಳಿ-ಬೆಳಕು ಕಡಿಮೆ ಇರುವ ತಗ್ಗಿನ ತೋಟಕ್ಕಷ್ಟೆ ಕೊಟ್ಟೆ (ಅಡಿಕೆ ಗೊಂಚಲಿಗೆ ಮಳೆ ತಾಗದಂತೆ ಹೊದಿಕೆ) ಕಟ್ಟಿಸಿದರೆ ಮೂರನೇ ಸುತ್ತು ತಪ್ಪಿಸಬಹುದು, ಮರ ಹತ್ತುವ ಕೊನೆಗಾರರು ಸಿಕ್ಕರೆ.

ಯಾವುದನ್ನೇ ಕೊಂಡರೂ ನೋಂದಣಿ ಸಂಖ್ಯೆ, ತಯಾರಿಕೆಯ ತಾರೀಕು, ಬ್ಯಾಚ್ ನಂಬರ್ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಲೇಬಲ್ಲಿನ ಬೆಳೆಗಳ ಪಟ್ಟಿಯಲ್ಲಿ ಅಡಿಕೆ ಇದೆಯೇ ಎಂದೂ ಓದಿ. ನಿಯಮ ಬಿಗಿಯಾದಾಗ ಮೊದಲು ಸಿಕ್ಕಿಬೀಳುವುದು ಲೇಬಲ್ಲಿನಲ್ಲಿ ಇಲ್ಲದ ಬೆಳೆಗೆ ಹೊಡೆಯುವ ಅಭ್ಯಾಸ. ಸಿದ್ಧ ಪುಡಿಗೆ ಕೊಟ್ಟ ಎರಡು ಅಂಕ ಹಿತ್ತಲಿನಲ್ಲಿ ಇಪ್ಪತ್ತು ಮೂವತ್ತು ಮರ ಇರುವವರ ಲೆಕ್ಕಕ್ಕೆ. ಅಷ್ಟಕ್ಕೆ ಎರಡು ಡ್ರಮ್ ಹೂಡಿ ಸುಣ್ಣ ಅರಳಿಸಿ ಎನ್ನಲಾಗದು. ಪುಡಿಯನ್ನೇ ತನ್ನಿ, ಅಂಟು ದ್ರಾವಣ ಬೆರೆಸಿ, ಹೊಡೆದ ಮೇಲೆ ಅರ್ಧ ದಿನವಾದರೂ ಬಿಸಿಲು ಸಿಗುವ ಹೊಳವು ನೋಡಿ ಹೊಡೆಸಿ.